ಹೊತ್ತವರು

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ವಯನಾಡಿನ ಕನ್ನಡ ಮನೆಯೊಂದರಲ್ಲಿ ಈ ಗಾದೆ ಸೊಸೆಯ ಕಿವಿಗೆ ಬಿದ್ದದ್ದು ಅವಳ ಮಗಳ ಕಾಯಿಲೆಗೆ ಹೆಸರು ದೊರೆತ ಮರುದಿನ. ಚಳಿಮಳೆ ಹಿಡಿದರೆ ಕೈಕಾಲು ನೋವೆಂದು ಹೊರಳಾಡುತ್ತಿದ್ದ ಕೂಸಿಗೆ ಕುಡುಗೋಲು ಕಣ ರಕ್ತಹೀನತೆಯೆಂದು ವೈದ್ಯರು ತಿಳಿಸಿದ್ದರು. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎಂದರು ಅತ್ತೆ. ಮೂರು ತಿಂಗಳ ಬಸುರಿಯಾಗಿದ್ದ ಸೊಸೆ ಎದುರಾಡಲಿಲ್ಲ. ಹಾಗೆಯೇ ಇದ್ದೀತೆಂದು ಅವಳೂ ನಂಬಿದ್ದಳು.

ಗಾದೆ ಹೇಳುವುದು ಅರ್ಧ ಲೆಕ್ಕ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನು ಹೆಣೆಯುವ ವಂಶವಾಹಿ 11ನೆಯ ವರ್ಣತಂತುವಿನಲ್ಲಿದೆ. ಪ್ರತಿಯೊಬ್ಬರಲ್ಲಿಯೂ ಅದರ ಪ್ರತಿಗಳು ಎರಡು: ತಾಯಿಯದೊಂದು, ತಂದೆಯದೊಂದು. ಪ್ರತಿಕಾರನ ಕೈತಪ್ಪಿನಿಂದ ಒಂದಕ್ಷರ ಪಲ್ಲಟಗೊಂಡು ಪದ್ಯದ ಅರ್ಥವೇ ಕೆಡುವುದನ್ನು ಗ್ರಂಥಸಂಪಾದನೆಯ ಪಾಠದಲ್ಲಿ ಕಂಡವರಿಗೆ ಮುಂದಿನದು ಸುಲಭ. ಇಲ್ಲಿಯೂ ಕೆಡುವುದು ಒಂದೇ ಅಕ್ಷರ. ಅದರಿಂದ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ. ಆಮ್ಲಜನಕ ತಗ್ಗಿದಾಗ ದುಂಡನೆಯ ಕಣ ಕುಡುಗೋಲಿನಂತೆ ಬಾಗಿ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೂಸಿನ ನೋವು ಅದೇ. ಒಂದು ಪ್ರತಿ ಶುದ್ಧವಾಗಿದ್ದರೆ ಸಾಮಾನ್ಯವಾಗಿ ರೋಗದ ಸುಳಿವೇ ಇರದು. ಅಂಥವರು ವಾಹಕರು.

ಗಂಡನ ರಕ್ತವನ್ನೂ ಪರೀಕ್ಷಿಸಿದರು. ಅವನೂ ವಾಹಕ. ಸಂತೆಯ ಮಲಯಾಳ ಬಲ್ಲ ಅತ್ತೆಗೆ ಆಸ್ಪತ್ರೆಯ ಮಲಯಾಳ ಹತ್ತಲಿಲ್ಲ. ಕನ್ನಡದಲ್ಲಿ ತಿಳಿಹೇಳುವ ಕೆಲಸ, ವಿಚಿತ್ರವೆಂದರೆ, ಆಪಾದನೆ ಹೊತ್ತವಳ ಪಾಲಿಗೇ ಬಂತು. ವಾಹಕ ಎಂಬುದಕ್ಕೆ ಅವಳು ತುಸು ತಡೆದು "ಹೊತ್ತವರು" ಎಂದಳು. ಇಬ್ಬರೂ ಹೊತ್ತವರು, ಇಬ್ಬರೂ ಕೊಟ್ಟವರು.

"ನಾಲ್ಕರಲ್ಲಿ ಒಂದು ಅಂದಿರಲ್ಲ ಮೇಡಂ, ಒಂದಕ್ಕೆ ಬಂದಾಯಿತು. ಇನ್ನು ಮೂರಕ್ಕೆ ಭಯವಿಲ್ಲ ತಾನೆ?" ಎಂದು ಗಂಡ ಕೇಳಿದ. ವಂಶವಾಹಿಗೆ ಹಿಂದಿನ ಹೆರಿಗೆಯ ನೆನಪಿರುವುದಿಲ್ಲ. ಪ್ರತಿ ಬಸಿರಿಗೂ ಅದೇ ನಾಲ್ಕರಲ್ಲೊಂದು.

ವಂಶದ ಮಾತು ಹಳೆಯದು, ಈ ಅಕ್ಷರವೂ ಹಳೆಯದು. ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ ಇದನ್ನು ಲೇಮನ್ ಮತ್ತು ಕಟ್‌ಬುಷ್ ಗುರುತಿಸಿದ್ದು 1952ರಲ್ಲಿ. ಒಂದು ಪ್ರತಿ ಹೊತ್ತವರಿಗೆ ಮಾರಕ ಮಲೇರಿಯಾದಿಂದ ಸ್ವಲ್ಪ ರಕ್ಷಣೆಯಿದೆಯೆಂದು ಆಫ್ರಿಕಾದಲ್ಲಿ ಆಂಥನಿ ಆಲಿಸನ್ 1954ರಲ್ಲಿ ತೋರಿಸಿದ. ಮಲೇರಿಯಾದ ಕಾಡುಸೀಮೆಗಳಲ್ಲಿ ಈ ತಪ್ಪಕ್ಷರ ಅಳಿಯದೆ ಉಳಿದದ್ದು ಹಾಗೆ.

ಮಗನಿಗೆ ಅದು ಬಂದಿರಬೇಕಾದದ್ದು ಅಪ್ಪನಿಂದ, ಇಲ್ಲವೇ ಅವ್ವನಿಂದ. ಮಾವ ತೀರಿಹೋಗಿ ವರ್ಷಗಳಾಗಿದ್ದವು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, ರಕ್ತ ತೆಗೆಯುವ ಹುಡುಗಿಯ ಮುಂದೆ ಕುಳಿತು ಸೆರಗು ಸರಿಸಿದರು. "ನನ್ನದನ್ನೂ ನೋಡಮ್ಮ" ಎಂದರು. ಬಸಿರಿನ ಕೂಸಿನ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಹೋಗುವುದೋ ಬೇಡವೋ ಎಂಬುದು ಅಂದಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.