ಕೀಳಡಿಯ ಮಡಕೆ ಚೂರುಗಳು

ಮದುರೈಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ವೈಗೈ ನದಿಯ ಬಯಲಿನಲ್ಲಿ ಕೀಳಡಿ ಎಂಬ ಹಳ್ಳಿಯಿದೆ. ಮೀನಾಕ್ಷಿ ಅಮ್ಮನ ದರ್ಶನ ಮುಗಿಸಿ, ಆರನೇ ತರಗತಿಯ ಮೊಮ್ಮಗಳ ಜೊತೆ ಅಲ್ಲಿಗೆ ಹೋಗಿದ್ದೆ. ತೆಂಗಿನ ತೋಟಗಳ ನಡುವೆ ನೆಲ ಅಗೆದಾಗ ಇಲ್ಲೊಂದು ಹಳೆಯ ಊರೇ ಸಿಕ್ಕಿತು. ಸಿಕ್ಕಿದ್ದನ್ನೆಲ್ಲ ಇಡಲು 2023ರಲ್ಲಿ ಚೆಟ್ಟಿನಾಡು ಮನೆಗಳ ಮಾದರಿಯ ಚೆಂದದ ಮ್ಯೂಸಿಯಂ ತೆರೆದಿದ್ದಾರೆ. ಚಿನ್ನದ ಚೂರು, ಬಣ್ಣದ ಮಣಿ, ಆಟದ ದಾಳ ಎಲ್ಲ ಇವೆ. ಮಕ್ಕಳೇ, ಅವನ್ನೂ ನೋಡಿ. ಆದರೆ ಒಡೆದ ಮಡಕೆಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.

ಬಹಳಷ್ಟು ಚೂರುಗಳು ಒಳಗೆ ಕಪ್ಪು, ಹೊರಗೆ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಅದರ ಮೇಲೆ ಗೀರುಗಳು. ಕೆಲವು ಬರೀ ಗುರುತುಗಳು. ಅವುಗಳ ಅರ್ಥವನ್ನು ಇನ್ನೂ ಯಾರೂ ಬಿಡಿಸಿಲ್ಲ. 1960ರಲ್ಲಿ ಬಿ. ಬಿ. ಲಾಲ್ ಎಂಬ ಪುರಾತತ್ವ ವಿದ್ವಾಂಸರು ಇಂಥ ಗುರುತುಗಳನ್ನು ಹರಪ್ಪದ ಗುರುತುಗಳೊಂದಿಗೆ ಹೋಲಿಸಿದ್ದರು. ಆ ಚರ್ಚೆ ಈಗಲೂ ನಡೆದೇ ಇದೆ. ಇನ್ನು ಕೆಲವು ಚೂರುಗಳ ಮೇಲೆ ಇರುವುದು ಅಕ್ಷರಗಳೇ, ತಮಿಳು ಬ್ರಾಹ್ಮಿ ಲಿಪಿಯವು. ಒಂದರಲ್ಲಿ 'ಆದನ್', ಇನ್ನೊಂದರಲ್ಲಿ 'ಕುವಿರನ್ ಆದನ್'.

"ಅಜ್ಜಿ, ಇದು ಮಡಕೆ ಮಾಡಿದವರ ಹೆಸರಾ?" ಅಂದಳು ಮೊಮ್ಮಗಳು.

ಗೆರೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಹಸಿ ಮಣ್ಣಿನ ಮೇಲೆ ಬರೆದ ಗೆರೆಯ ಅಂಚು ಮೆತ್ತಗೆ ಉಬ್ಬಿರುತ್ತದೆ. ಸುಟ್ಟ ಮೇಲೆ ಗೀರಿದರೆ ಗೆರೆ ತೆಳ್ಳಗೆ, ಒರಟಾಗಿ ಇರುತ್ತದೆ. ಇಲ್ಲಿನ ಹೆಚ್ಚಿನ ಬರಹ ಸುಟ್ಟ ಮೇಲಿನದು, ಕೈಬರಹವೂ ಒಂದೇ ಥರ ಇಲ್ಲ. ಹಾಗಾಗಿ ಮಡಕೆ ಕೊಂಡವರೇ ಬರೆದುಕೊಂಡಿರಬೇಕು ಎನ್ನುತ್ತಾರೆ ತಜ್ಞರು.

ನಾವೂ ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ! ಮದುವೆ ಮನೆಗೆ ಹೋದ ಪಾತ್ರೆ ತಿರುಗಿ ಬರಬೇಕಲ್ಲ, ಅದಕ್ಕೆ. ಅಂಗಡಿಯವನು ಟರ್ರೆಂದು ಕೊರೆದು ಕೊಡುತ್ತಾನೆ. ಆದನ್ ತಾನೇ ಕೂತು ಗೀರಿದ್ದಾನೆ. ಆದರೆ ಸುತ್ತಲಿನ ನಾಲ್ಕು ಜನಕ್ಕೆ ಓದಲು ಬಾರದಿದ್ದರೆ ಹೆಸರು ಬರೆದು ಏನು ಉಪಯೋಗ? ನನಗೆ ಹಿಡಿಸಿದ್ದು ಇದೇ. ಅರಮನೆಯವರಲ್ಲದ ಜನಕ್ಕೂ ಇಲ್ಲಿ ಅಕ್ಷರ ಗೊತ್ತಿತ್ತು. ಇಲ್ಲಿನ ಇದ್ದಿಲಿನ ಒಂದು ಮಾದರಿಯ ಕಾಲ ಕ್ರಿ.ಪೂ. 6ನೇ ಶತಮಾನ ಎಂದು ಪರೀಕ್ಷೆಯಲ್ಲಿ ಬಂದಿದೆ. ಬರಹವೂ ಅಷ್ಟೇ ಹಳೆಯದೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಗೀರಿದ ಗುರುತುಗಳ ಮಡಕೆಗಳು ನಮ್ಮಲ್ಲೂ ಇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ನಡೆಸಿದ ಉತ್ಖನನದಲ್ಲಿ ಅಂಥವು ಸಿಕ್ಕವು. ಅಲ್ಲೇ ಬಂಡೆಯ ಮೇಲೆ ಅಶೋಕನ ಶಾಸನವೂ ಇದೆ. ಅದನ್ನು ಬರೆದ ಲಿಪಿಕಾರ ಚಪಡ, ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿದ್ದಾನೆ. ರಾಜನ ಮಾತಿನ ಕೆಳಗೆ ತನ್ನದೊಂದು ಗುರುತು!

ಕೀಳಡಿಗೆ ಹೋಗುವವರು ಬೆಳಗ್ಗೆಯೇ ಹೊರಡಿ, ಬಿಸಿಲು ಜೋರು. ಅಜ್ಜ ಅಜ್ಜಿಯರು ಕನ್ನಡಕ ಮರೆಯಬೇಡಿ, ಗೀರುಗಳು ಬಹಳ ಸಣ್ಣವು.