ಡಿಸ್ಕು ಹೊಸದು, ಹಕ್ಕು ಹಳೆಯದೇ

ಲ್ಯಾಪ್‌ಟಾಪಿಗೆ ಹೊಸ ಡಿಸ್ಕು ಹಾಕಿಸಿ ಮನೆಗೆ ತಂದಿದ್ದೀರಾ? ಪರದೆಯ ಬಲಗಡೆ ಮೂಲೆಯಲ್ಲಿ, ಕೆಳಗೆ, ಬೂದು ಬಣ್ಣದಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ಮಸುಕು ಅಕ್ಷರ ಮೂಡಿದೆಯಾ? ಹಾಗಿದ್ದರೆ ಸಹೋದರಿಯರೇ, ಪರ್ಸಿಗೆ ಕೈ ಹಾಕುವ ಮುಂಚೆ ಒಂದು ಗಳಿಗೆ ನನ್ನ ಮಾತು ಕೇಳಿ.

ನಾನೇನೂ ಇಂಜಿನಿಯರಲ್ಲ. ಹಪ್ಪಳ, ಸಂಡಿಗೆ, ಸಾರಿನ ಪುಡಿ ಮಾಡಿ ಮಾರುವವಳು. ಯಾರು ಎಷ್ಟು ಒಯ್ದರು, ಯಾರ ಬಾಕಿ ಎಷ್ಟು, ಎಲ್ಲ ಲೆಕ್ಕವೂ 2019ರಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿ. ಒಂದು ದಿನ ಅದರ ಹೊಟ್ಟೆಯೊಳಗೆ ಕಟಕಟ ಸದ್ದು ಶುರುವಾಯಿತು. ಮೊದಲು ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡೆ. (ಡಿಸ್ಕು ಸದ್ದು ಮಾಡಿದರೆ ಮೊದಲು ಆಗಬೇಕಾದ ಕೆಲಸ ಅದು, ದೇವರಿಗೆ ಹರಕೆ ಆಮೇಲೆ!) ನಂತರ ಅಂಗಡಿಗೆ ಒಯ್ದು ಹಳೆಯ ಡಿಸ್ಕು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದಾಯಿತು. ಮನೆಗೆ ಬಂದು ತೆರೆದರೆ ಆ ಬೂದು ಅಕ್ಷರ.

ಅಂಗಡಿಯ ಹುಡುಗ ಫೋನಿನಲ್ಲಿ, “ಡಿಸ್ಕ್ ಹೋಯ್ತಲ್ಲ ಆಂಟಿ, ಅದರ ಜೊತೆ ಲೈಸೆನ್ಸೂ ಹೋಯ್ತು. ಹೊಸ ಕೀ ಹಾಕ್ಬೇಕು, ಎರಡೂವರೆ ಸಾವಿರ ಆಗುತ್ತೆ” ಅಂದ. ನಮ್ಮ ಮನೆಯವರು, “ಕೊಟ್ಟು ಕೈ ತೊಳ್ಕೊಳ್ಳೇ, ನಿನಗೆ ಅದೆಲ್ಲ ತಿಳಿಯೋದಲ್ಲ” ಅಂದುಬಿಟ್ಟರು. ಬಿಸಿಲಲ್ಲಿ ಹಪ್ಪಳ ಒಣಹಾಕಿ ಕಾಗೆ ಓಡಿಸುವವಳು ನಾನು, ಅವರಲ್ಲ. ದುಡ್ಡಿಗಿಂತ ಆ ಎರಡನೆಯ ಮಾತೇ ನನಗೆ ಹೆಚ್ಚು ಚುಚ್ಚಿತು. ನಾದಿನಿಯ ಮಗಳನ್ನು ಕರೆಸಿಕೊಂಡು ಕೂತೆ.

ಅಡುಗೆಮನೆಯ ಕಪಾಟು ಬದಲಿಸಿದರೆ ಮನೆಯ ಖಾತೆ ಬೇರೆಯವರ ಹೆಸರಿಗೆ ಹೋಗುತ್ತದೆಯೇ? ಇದೂ ಹಾಗೇ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಯಂತ್ರದ ಗುರುತು ಹಿಡಿಯಲು ಡಿಸ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಡಿಸ್ಕಿನ ಜೊತೆ ಹಕ್ಕೂ ಹೋಯಿತೆಂಬ ಹೆದರಿಕೆ ಬಹುಶಃ ಆ ಕಾಲದ್ದು. 2012ರ ವಿಂಡೋಸ್ 8ರಿಂದೀಚೆಗೆ, ವಿಂಡೋಸ್ ಸಮೇತ ಮಾರುವ ಲ್ಯಾಪ್‌ಟಾಪುಗಳಲ್ಲಿ 25 ಅಕ್ಷರಗಳ ಕೀಯನ್ನು ಸಾಮಾನ್ಯವಾಗಿ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟಿರುತ್ತಾರೆ. 2015ರ ವಿಂಡೋಸ್ 10ರಿಂದ ಮೈಕ್ರೋಸಾಫ್ಟಿನವರ ದಫ್ತರದಲ್ಲೂ ನಿಮ್ಮ ಯಂತ್ರದ ಗುರುತು ದಾಖಲಾಗಿರುತ್ತದೆ. ಡಿಸ್ಕು ಹೋದರೆ ಇವೆರಡೂ ಹೋಗುವುದಿಲ್ಲ.

ಹಾಗಾದರೆ ನನ್ನದು ಯಾಕೆ ಕೈಕೊಟ್ಟಿತು ಅಂತೀರಾ? ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಆಕ್ಟಿವೇಶನ್ ತೆರೆದು ನೋಡಿದೆವು. ‘ವಿಂಡೋಸ್ 11 ಪ್ರೋ’ ಅಂತಿತ್ತು. ಹಳೆಯ ಬಿಲ್ಲು ಹುಡುಕಿ ತೆಗೆದರೆ ಅದರಲ್ಲಿ ‘ವಿಂಡೋಸ್ 10 ಹೋಂ’. ಸಿಕ್ಕಿಬಿತ್ತಲ್ಲ ಕಳ್ಳ! 10ರ ಹಕ್ಕು 11ಕ್ಕೂ ಸಲ್ಲುತ್ತದೆ, ಆದರೆ ಹೋಂ ಹಕ್ಕಿನಲ್ಲಿ ಪ್ರೋ ನಡೆಯುವುದಿಲ್ಲ. ಆ ಹುಡುಗ ಎಲ್ಲರಿಗೂ ಹಾಕುವುದನ್ನೇ ನನಗೂ ಹಾಕಿದ್ದ, ಅಷ್ಟೆ.

ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ತಾಣದಿಂದಲೇ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ವಿಂಡೋಸ್ ತುಂಬಿಕೊಂಡೆವು. ನನ್ನ ಲೆಕ್ಕದ ಪೆನ್‌ಡ್ರೈವಿಗಲ್ಲ, ನೋಡಿ! ತುಂಬುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹೊಸದಾಗಿ ಹಾಕುವಾಗ ಯಂತ್ರ ನಮ್ಮನ್ನು ಕೀ ಕೇಳಲೇ ಇಲ್ಲ. ಚಿಪ್ಪಿನಲ್ಲಿದ್ದದ್ದನ್ನು ತಾನೇ ಓದಿಕೊಂಡು ಹೋಂ ಹಾಕಿಕೊಂಡಿತು. ಇಂಟರ್ನೆಟ್ ಸಿಕ್ಕಿದ ಸ್ವಲ್ಪ ಹೊತ್ತಿಗೆ ‘ಆಕ್ಟಿವ್’ ಅಂತ ತೋರಿಸಿತು. ಖರ್ಚು, ಆ ಹುಡುಗಿಗೆ ಮಾಡಿಕೊಟ್ಟ ಒಂದು ತಟ್ಟೆ ಅವಲಕ್ಕಿ ಒಗ್ಗರಣೆ.

ಈ ಅಕ್ಷರ ಕಂಡಕೂಡಲೇ ಗಾಬರಿ ಬೀಳಬೇಕಾಗಿಲ್ಲ. ಮಾಮೂಲಿ ಕೆಲಸ ನಡೆಯುತ್ತದೆ. ಪರದೆಯ ಚಿತ್ರ, ಬಣ್ಣ ಇಂಥವನ್ನು ಬದಲಿಸಲು ಬಿಡುವುದಿಲ್ಲ. ಅಗ್ಗದ ಕೀ ಕೊಡುತ್ತೇನೆಂದು ಬಂದವರಿಂದ ಮಾತ್ರ ದೂರವಿರಿ. ಕಂಪನಿಗಳಿಗೆ ಸಗಟಿನಲ್ಲಿ ಕೊಟ್ಟ ಕೀಗಳು ಬಿಡಿಯಾಗಿ ಮಾರಾಟವಾಗುವುದುಂಟು. ಇವತ್ತು ನಡೆದದ್ದು ನಾಳೆ ರದ್ದಾಗಬಹುದು.

ಮದರ್‌ಬೋರ್ಡೇ ಸುಟ್ಟು ಬೇರೆ ಹಾಕಿಸಿದರೆ ಕತೆ ಬೇರೆ. ಆಗ ಯಂತ್ರವೇ ಬೇರೆಯೆಂದು ಲೆಕ್ಕ. ಲ್ಯಾಪ್‌ಟಾಪಿನ ಜೊತೆಗೇ ಬಂದ ಹಕ್ಕು ಆ ಯಂತ್ರಕ್ಕಷ್ಟೇ. ಬೇರೆಯಾಗಿ ಕೊಂಡದ್ದನ್ನು ಹೊಸ ಯಂತ್ರಕ್ಕೆ ಒಯ್ಯಬಹುದು. ಅದಕ್ಕೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯನ್ನು ಮೊದಲೇ ಜೋಡಿಸಿಟ್ಟಿದ್ದರೆ ಒಳ್ಳೆಯದು. ಅದೇ ಆಕ್ಟಿವೇಶನ್ ಪುಟದ ‘ಟ್ರಬಲ್‌ಶೂಟ್’ ಒತ್ತಿ, ಬಿಡಿಭಾಗ ಬದಲಿಸಿದ್ದೇನೆ ಎಂಬುದನ್ನು ಆರಿಸಿದರೆ ಹಕ್ಕು ಮರಳಿಬರುವ ಸಾಧ್ಯತೆ ಇದೆ.

ಆ 8 ಜಿಬಿ ಪೆನ್‌ಡ್ರೈವ್ ಈಗ ನಮ್ಮನೆಯಲ್ಲಿಲ್ಲ. ಎದುರುಮನೆಯವರು ಬಂದು ಒಯ್ದಿದ್ದಾರೆ. “ಮೊದಲು ಬಿಲ್ಲು ಹುಡುಕಿ, ಹೋಮೋ ಪ್ರೋನೋ ನೋಡಿ” ಅಂತ ಹೇಳಿ ಕಳಿಸಿದ್ದೇನೆ.