ಚುಚ್ಚುವ ಉಣ್ಣೆಯ ಪರವಾಗಿ

ಕಾಫಿ ಲೋಟ ಕೆಳಗಿಡುವ ಮೊದಲೇ ಕೊರಿಯರ್ ಬಂತು. ಬೆಂಗಳೂರಿನ ಆ ಮನೆಯ ಯಜಮಾನಿಗೆ ಹೆಣಿಗೆ ಎಂದರೆ ಪ್ರಾಣ. ಕೈಯಲ್ಲಿ ಬಣ್ಣ ಹಾಕಿದ ಉಣ್ಣೆ ಎಂದರೆ ಇನ್ನೂ ಒಂದು ಕೈ ಮೇಲೆ. ಫೋಟೋದಲ್ಲಿ ನೀಲಿಯಿಂದ ನೇರಳೆಗೆ ನಿಧಾನವಾಗಿ ಜಾರುವ ಬಣ್ಣವಿತ್ತು. ಪೊಟ್ಟಣದಿಂದ ಹೊರಬಂದದ್ದು ಅಲ್ಲಲ್ಲಿ ಕಂದಿದ ಒಂದು ನೀಲಿ. ಲಚ್ಚಿಯನ್ನು ಬಿಗಿಯಾಗಿ ಕಟ್ಟಿದ್ದ ದಾರ ಬಿಚ್ಚಿ ನೋಡಿದರೆ, ಗಂಟಿದ್ದ ಕಡೆಯೆಲ್ಲ ಬಣ್ಣ ಇಳಿದೇ ಇಲ್ಲ, ಬಿಳಿ ಬಿಳಿ ತೇಪೆ. ಬೆರಳಿಗೆ ಮಾತ್ರ ನೀಲಿ ಚೆನ್ನಾಗಿ ಹತ್ತಿತು. ಒಂದು ಎಳೆ ಕತ್ತಿಗೆ ಸೋಕಿಸಿಕೊಂಡರೆ ಚುರುಚುರು.

“ವಾಪಸ್ ಕಳ್ಸಿಬಿಡಿ ಆಂಟಿ” ಎಂದಳು ಮೇಲಿನ ಮನೆಯ ಹುಡುಗಿ.

“ಕೈಯಲ್ಲಿ ಬಣ್ಣ ಹಾಕಿದ್ದನ್ನ ವಾಪಸ್ ತಗೊಳ್ಳಲ್ವಂತಮ್ಮ.”

ಹಾಗಾದರೆ ಇದರಲ್ಲಿ ಏನು ಹೆಣೆಯುವುದು? ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಬೇಕು, ಕೊನೆಯ ನೀರಿಗೆ ಒಂದಿಷ್ಟು ವಿನೆಗರ್ ಹಾಕಿದರೆ ಎಳೆ ಸ್ವಲ್ಪ ಮೆತ್ತಗಾಗುತ್ತದೆ, ಎರಡು ಉಂಡೆಗಳನ್ನು ಎರಡೆರಡು ಸಾಲಿಗೆ ಬದಲಿಸುತ್ತ ಹೆಣೆದರೆ ಬಣ್ಣ ಒಂದೇ ಕಡೆ ಮಡುಗಟ್ಟುವುದಿಲ್ಲ. ಕಡ್ಡಿ ಹಿಡಿದವರಿಗೆಲ್ಲ ಇಷ್ಟು ಗೊತ್ತು. ಮನಸ್ಸು ಕೆಡಿಸಿದ್ದು ಬಣ್ಣವಲ್ಲ, ಚುಚ್ಚುವಿಕೆ.

ಉಣ್ಣೆ ಚುಚ್ಚಿದರೆ ಅಲರ್ಜಿ ಎಂದು ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ಅದು ಅಲರ್ಜಿಯಲ್ಲ. ಎಳೆಯ ದಪ್ಪವನ್ನು ಅಳೆಯುವುದು ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ. ತೆಳ್ಳನೆಯ ಎಳೆಯ ತುದಿ ಮೈಗೆ ತಾಗಿದ ಕೂಡಲೆ ಬಾಗುತ್ತದೆ. ಸುಮಾರು 30 ಮೈಕ್ರಾನ್ ದಾಟಿದ ಎಳೆ ಬಾಗದೆ ಚರ್ಮವನ್ನು ಒತ್ತುತ್ತದೆ, ಅಲ್ಲಿರುವ ನೋವಿನ ನರತುದಿಗಳು ಎಚ್ಚರಗೊಳ್ಳುತ್ತವೆ. ನೂರು ಎಳೆಗಳಲ್ಲಿ ಐದರಷ್ಟು ಇಂಥವು ಇದ್ದರೆ ಸಾಕು, ಹಾಕಿಕೊಂಡವರು ಕತ್ತು ಕೆರೆದುಕೊಳ್ಳಲು ಶುರು. ಮೆರಿನೋ ಕುರಿಯ ಎಳೆ ಹೆಚ್ಚುಕಡಿಮೆ 17ರಿಂದ 23 ಮೈಕ್ರಾನ್. ಅದಕ್ಕೇ ಅದು ಕೂಸಿನ ಕುಲಾವಿಗೂ ಆಗುತ್ತದೆ.

ಮೆರಿನೋ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಎಲ್ಲ ಉಣ್ಣೆಯನ್ನೂ ಅದರ ಅಳತೆಗೋಲಿನಲ್ಲಿ ಅಳೆಯುವ ಅಭ್ಯಾಸದ ಬಗ್ಗೆ. ಅಂಗಡಿಗೆ ಹೋದವರು ಉಂಡೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಒಳ್ಳೆಯದು, ಒರಟಾಗಿದ್ದರೆ ಕೆಟ್ಟದ್ದು, ತೀರ್ಪು ಮುಗಿಯಿತು. ಆದರೆ ಮನುಷ್ಯ ಉಣ್ಣೆಯನ್ನು ಕೆನ್ನೆಯ ಮೇಲಷ್ಟೇ ಬಳಸುತ್ತಾನೆಯೆ? ಕೂರುವುದು, ಹಾಸುವುದು, ಹೊದೆಯುವುದು, ಹೊರುವುದು ಇವಕ್ಕೆಲ್ಲ ಬೇಕಾದದ್ದು ಗಟ್ಟಿತನ. ಮೆತ್ತನೆಯ ಉಣ್ಣೆ ಉಜ್ಜಿದಲ್ಲೆಲ್ಲ ಬೇಗ ಗುಂಜು ಕಟ್ಟುತ್ತದೆ. ಒರಟು ಉಣ್ಣೆ ವರ್ಷಗಟ್ಟಲೆ ತಡೆಯುತ್ತದೆ. ಐಸ್‌ಲ್ಯಾಂಡಿನ ಕುರಿಗೆ ಎರಡು ಪದರದ ಉಣ್ಣೆ: ಒಳಗೆ ಮೆತ್ತನೆಯದು, ಹೊರಗೆ ಉದ್ದನೆಯ ಒರಟು ಕೂದಲು. ಎರಡನ್ನೂ ಸೇರಿಸಿ ಮಾಡಿದ ಲೋಪಿ ನೂಲಿನಲ್ಲಿ ಅಲ್ಲಿಯ ಜನ ತಮ್ಮ ಹೆಸರಾಂತ ಸ್ವೆಟರ್ ಹೆಣೆಯುತ್ತಾರೆ. ಅದು ಚುಚ್ಚುತ್ತದೆ ಎಂದು ಅವರಿಗೂ ಗೊತ್ತು. ಒಳಗೊಂದು ಅಂಗಿ ತೊಟ್ಟು ಮೇಲೆ ಅದನ್ನು ಹಾಕಿಕೊಂಡು ಮೀನು ಹಿಡಿಯಲು ಹೋಗುತ್ತಾರೆ. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಮನೆಮನೆಯಲ್ಲಿ ನೇಯುವ ಹ್ಯಾರಿಸ್ ಟ್ವೀಡ್ ಕೂಡ ಮೃದುವಲ್ಲ. ಅದರ ಹೆಸರನ್ನು ಕಾಪಾಡಲು ಬ್ರಿಟಿಷ್ ಸಂಸತ್ತು 1993ರಲ್ಲಿ ಕಾನೂನನ್ನೇ ಮಾಡಿತು.

ನಮ್ಮ ಕಂಬಳಿಗೆ ಅಂಥ ಯೋಗ ಬರಲಿಲ್ಲ. ಈ ಮಾತು ಬಂದಾಗ ಸುಮ್ಮನೆ ಮುಂದೆ ಹೋಗುವುದು ಕಷ್ಟ.

ದಕ್ಕನಿ ಕುರಿಯ ಕಪ್ಪು ಉಣ್ಣೆ ಒರಟು, ಕೂದಲು ಬೆರೆತದ್ದು. ಕುರುಬರು ಅದನ್ನು ಕತ್ತರಿಸಿ, ಹಿಂಜಿ, ನೂತು, ಗುಂಡಿಮಗ್ಗದಲ್ಲಿ ನೇಯ್ದರು. ಚಳ್ಳಕೆರೆಯ ಕಡೆ ಹೋದರೆ ಈ ಕಸುಬಿನ ಮನೆಗಳು ಇಂದಿಗೂ ಸಿಗುತ್ತವೆ. ನೇಯುವ ಮೊದಲು ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿಯುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿದ ಅಂಟು ಅದು. ಮಗ್ಗದಿಂದ ಇಳಿದ ಹೊಸ ಕಂಬಳಿ ಬಿಗಿದುಕೊಂಡೇ ಇರುತ್ತದೆ, ಮಡಿಸಲು ಹೋದರೆ ಕೈಗೆ ಎದುರು ನಿಲ್ಲುತ್ತದೆ. ಬಳಸುತ್ತ ಬಳಸುತ್ತ ಪಳಗುತ್ತದೆ. ಕುರಿ ಕಾಯುವವನಿಗೆ ಹಗಲು ಹೆಗಲ ಮೇಲಿನ ಹೊರೆ, ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆಯೂ ಹೊದಿಕೆಯೂ ಅದೇ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಂಡೂ ಒದ್ದೆಯೆನಿಸದೆ ಬೆಚ್ಚಗಿರಬಲ್ಲದು. ಹೊರಮೈಯ ಹುರುಪೆಗಳು ಹನಿಯನ್ನು ಜಾರಿಸುತ್ತವೆ. ಬಯಲಲ್ಲಿ ಮಲಗುವವನಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಯಾವುದು?

ಮೈಲಾರದ ಗೊರವರು ಕರಿ ಕಂಬಳಿಯ ಅಂಗಿ ತೊಟ್ಟು ಡಮರು ಬಾರಿಸುತ್ತಾರೆ. ಹಾಲುಮತದ ಕುರುಬರ ಪೂಜೆಯಲ್ಲಿ ಕಂಬಳಿಯೇ ಗದ್ದುಗೆ. ಯಾರನ್ನಾದರೂ ಸನ್ಮಾನಿಸಬೇಕಾದರೂ ಹೆಗಲಿಗೆ ಕಂಬಳಿ ಹೊದಿಸುವ ರೂಢಿಯಿದೆ. ಕಂಬಳಿಯಲ್ಲಿ ಉಂಡು ಕೂದಲು ಆರಿಸಿದ ಹಾಗೆ ಎಂಬ ಗಾದೆಯನ್ನು ಕಟ್ಟಿದ ಜನ ಅದರ ಕೂದಲನ್ನು ಒಪ್ಪಿಕೊಂಡೇ ಬಾಳಿದವರು. ಮೆತ್ತಗಿಲ್ಲ ಎಂದು ಅವರು ಯಾರೂ ಕಂಬಳಿಯನ್ನು ದೂರಲಿಲ್ಲ. ಕುವೆಂಪು ಕಾದಂಬರಿಗಳ ಮಲೆನಾಡ ಮಳೆ ನೆನಪಾದಾಗಲೆಲ್ಲ ಕಂಬಳಿಕೊಪ್ಪೆಯೂ ನೆನಪಾಗುತ್ತದೆ. ಜಿಗಣೆ, ಕೆಸರು, ಕೊಪ್ಪೆಯೊಳಗೆ ಮುದುಡಿಕೊಂಡು ಗದ್ದೆಯಂಚಿನಲ್ಲಿ ನಡೆಯುವ ಆಳು, ಒಲೆಯ ಮೇಲಿನ ಅಟ್ಟದಿಂದ ಬರುವ ಒದ್ದೆ ಕಂಬಳಿಯ ವಾಸನೆ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಅದನ್ನು ಮರೆಯುವುದಿಲ್ಲ.

ಬಣ್ಣದ ಕಥೆಯೂ ಈ ಒರಟುತನಕ್ಕೇ ಬಂದು ಸೇರುತ್ತದೆ. ಕರಿ ಕಂಬಳಿಗೆ ಬಣ್ಣವನ್ನು ಕುರಿಯೇ ಕೊಟ್ಟಿರುತ್ತದೆ. ಬಿಳಿ ಉಣ್ಣೆಗೆ ಬಣ್ಣ ಹತ್ತಿಸುವುದು ತಾಳ್ಮೆಯ ಕೆಲಸ. ಪಟಿಕ ಹೆಚ್ಚಾದರೆ ಎಳೆ ಅಂಟಂಟು, ಕಬ್ಬಿಣದ ಉಪ್ಪು ಹೆಚ್ಚಾದರೆ ಎಳೆ ಗಡುಸಾಗಿ ಕಡಿಯುವಂತಾಗುತ್ತದೆ. ನೀಲಿಯ ತೊಟ್ಟಿಯಲ್ಲಿ ಕ್ಷಾರ ಮಿತಿಮೀರಿದರೆ ಉಣ್ಣೆಗೇ ಪೆಟ್ಟು. ಬಿಸಿ ನೀರಿನಿಂದ ಎತ್ತಿ ತಣ್ಣೀರಿಗೆ ಹಾಕಿದರೆ ಜೊಂಡುಗಟ್ಟುತ್ತದೆ. ಮೊದಲೇ ಒರಟಾದ ಉಣ್ಣೆ ಹೀಗೆ ಬಣ್ಣದ ಪಾತ್ರೆಯಲ್ಲಿ ಇನ್ನಷ್ಟು ಒರಟಾಗಿ ಹೊರಬರುವುದುಂಟು. ಬನಿಯನ್ನಿನ ಹಾಗೆ ಮೈಗೆ ಒತ್ತಿ ತೊಡುವ ಯಾವುದಕ್ಕೂ ಅದು ಆಗದು. ಪರೀಕ್ಷೆ ಸುಲಭ: ಅಂಗೈಯಗಲದ ಚೌಕ ಹೆಣೆದು, ತೊಳೆದು ಒಣಗಿಸಿ, ರವಿಕೆಯ ಕತ್ತಿನೊಳಗೆ ಸಿಕ್ಕಿಸಿಕೊಂಡು ಅರ್ಧ ಗಂಟೆ ಮನೆಕೆಲಸ ಮಾಡುವುದು. ತರಕಾರಿ ಹೆಚ್ಚಿ ಮುಗಿಯುವ ಮೊದಲೇ ಕೈ ಕತ್ತಿಗೆ ಹೋದರೆ ಮಫ್ಲರಿನ ಆಸೆ ಬಿಡಬಹುದು.

ಆಗ ಉಳಿಯುವ ದಾರಿಯೇ ಅತ್ಯಂತ ಚೆಂದದ್ದು. ಯಾವ ಜೊಂಡುಗಟ್ಟುವಿಕೆಗೆ ಹೆದರುತ್ತೇವೋ ಅದನ್ನೇ ಬೇಕೆಂದು ಮಾಡುವುದು. ದಪ್ಪ ಕಡ್ಡಿಯಲ್ಲಿ ಸಡಿಲವಾಗಿ, ಬೇಕಾದ್ದಕ್ಕಿಂತ ದೊಡ್ಡದಾಗಿ ಹೆಣೆದು, ಬಿಸಿನೀರು ಸೋಪಿನಲ್ಲಿ ಚೆನ್ನಾಗಿ ತಿಕ್ಕಬೇಕು. ಎಳೆಯ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಣಿಕೆಗಳೆಲ್ಲ ಮಾಯವಾಗಿ ಬಟ್ಟೆ ದಪ್ಪಗೆ ಕೂಡಿಕೊಳ್ಳುತ್ತದೆ. ಅಗಲಕ್ಕಿಂತ ಉದ್ದ ಹೆಚ್ಚು ಕುಗ್ಗುತ್ತದೆ, ಆದ್ದರಿಂದ ಸಾಲುಗಳನ್ನು ಧಾರಾಳವಾಗಿ ಹಾಕಿಕೊಳ್ಳಬೇಕು. ಮಷೀನಿಗೆ ಹಾಕಿದರೂ ಕುಗ್ಗದಂತೆ ಮೊದಲೇ ಸಂಸ್ಕರಿಸಿದ ಉಣ್ಣೆಯಲ್ಲಿ ಮಾತ್ರ ಇದು ನಡೆಯುವುದಿಲ್ಲ. ಮಡುಗಟ್ಟಿದ ಬಣ್ಣ, ಬಿಳಿ ತೇಪೆ ಎಲ್ಲವೂ ಆಗ ಒಂದರೊಳಗೊಂದು ಮಸುಕಾಗಿ ಬೆರೆತು ಕಣ್ಣಿಗೆ ಹಿತವಾಗುತ್ತವೆ.

ಅಂಥ ತುಂಡಿನಿಂದ ಒಳ್ಳೆಯ ಮಸಿಬಟ್ಟೆಯಾಗುತ್ತದೆ. ಉಣ್ಣೆಗೆ ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ. ಹತ್ತಿದರೂ, ಉರಿ ಸರಿಸಿದ ಮೇಲೆ ಕರಿ ಕಟ್ಟಿ ತಾನಾಗಿ ಆರುತ್ತದೆ, ನೈಲಾನಿನಂತೆ ಕರಗಿ ಕೈಗೆ ಅಂಟುವುದಿಲ್ಲ. ಒಲೆಯಿಂದ ಇಳಿಸಿದ ಕುಕ್ಕರನ್ನು ಎರಡು ಕೈಯಲ್ಲಿ ಹಿಡಿಯಲು, ಬಿಸಿ ಬಾಣಲೆಯ ಕೆಳಗಿಡಲು ಇದಕ್ಕೆ ಸಮ ಇಲ್ಲ. ಸ್ವಲ್ಪ ಹೆಚ್ಚು ಉಣ್ಣೆಯಿದ್ದರೆ ಜಪಕ್ಕೆ ಕೂರುವ ಆಸನ, ತೆಂಗಿನಕಾಯಿ ಹೊರುವ ಚೀಲ, ಚಳಿಗಾಲದ ನೆಲಕ್ಕೆ ಕಾಲಡಿಯ ಹಾಸು.

ಆದರೂ ತುಂಡು ತುಣುಕು ಉಳಿದೇ ಉಳಿಯುತ್ತದೆ. ಅದನ್ನು ಕಸಕ್ಕೆ ಹಾಕುವ ಬದಲು ಕುಂಡದ ಮಣ್ಣಿಗೆ ಸೇರಿಸಬಹುದು, ಬಣ್ಣ ಗಿಡಮೂಲದ್ದಾಗಿದ್ದರೆ ಇನ್ನೂ ಒಳ್ಳೆಯದು. ಉಣ್ಣೆಯಲ್ಲಿ ಸಾರಜನಕ ಹೇರಳವಾಗಿದೆ, ನಿಧಾನವಾಗಿ ಕೊಳೆಯುತ್ತ ಗಿಡಕ್ಕೆ ಕೊಡುತ್ತದೆ, ನೀರನ್ನೂ ಹಿಡಿದಿಡುತ್ತದೆ. ಯುರೋಪಿನಲ್ಲಿ ಒರಟು ಉಣ್ಣೆಯನ್ನು ಗುಳಿಗೆ ಮಾಡಿ ಗೊಬ್ಬರವಾಗಿ ಮಾರುತ್ತಾರೆ. ಇಲ್ಲಿ ಅಗ್ಗದ ಸಿಂಥೆಟಿಕ್ ರಗ್ಗು ಬಂದು ಕಂಬಳಿ ಕೊಳ್ಳುವವರು ಕಡಿಮೆಯಾದ ಮೇಲೆ ಕುರಿಗಾರನ ಉಣ್ಣೆಗೆ ಬೆಲೆಯೇ ಇಲ್ಲದಂತಾಗಿದೆ. ಕುರಿಯ ಮೈ ಹಗುರ ಮಾಡಲು ಉಣ್ಣೆ ಕತ್ತರಿಸಲೇಬೇಕು, ಕತ್ತರಿಸುವವನಿಗೆ ಕೂಲಿಯನ್ನೂ ಕೊಡಬೇಕು, ಕೊನೆಗೆ ಕೊಳ್ಳುವವರಿಲ್ಲದ ಉಣ್ಣೆಯನ್ನು ಬೇಲಿಯ ಬದಿಗೆ ಸುರಿದು ಬರಬೇಕು. ಅದೇ ಹೊತ್ತಿಗೆ ಪೇಟೆಯ ಮನೆಯ ತಾರಸಿಯಲ್ಲಿ ಟೊಮೇಟೊ ಬೆಳೆಯುವವರು ದುಡ್ಡು ಕೊಟ್ಟು ಗೊಬ್ಬರದ ಚೀಲ ತರುತ್ತಾರೆ. ಈ ಇಬ್ಬರ ನಡುವೆ ಒಂದು ಲಾರಿ ಓಡಿಸುವುದು ಅಂಥ ದೊಡ್ಡ ಕೆಲಸವೇನಲ್ಲ. ಕುರಿ ಸಾಕುವವರ ಸಹಕಾರ ಸಂಘಗಳು ಮನಸ್ಸು ಮಾಡಿದರೆ ಮುಂದಿನ ಕತ್ತರಿಕೆಗೇ ಶುರು ಮಾಡಬಹುದು.